ಮಧ್ಯಾಹ್ನದ ಮೇಲಿನ ಲೋಬಾನ

ಮಸ್ಕತ್ತಿಗೆ ಬಂದ ಮರುದಿನ ಲಿಫ್ಟಿನೊಳಗೆ ಬಿಳಿ ನಿಲುವಂಗಿಯ ಮುದುಕರೊಬ್ಬರು ಹತ್ತಿದರು. ಅವರ ಬಟ್ಟೆಯಿಂದ ಲೋಬಾನದ ವಾಸನೆ ಬಂತು. ನಾಲ್ಕನೇ ಮಹಡಿಗೆ ಹೋಗಬೇಕಾದವಳು ಎರಡರಲ್ಲೇ ಇಳಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಂಡರಿಯದ ಊರಿನಲ್ಲಿ ನನ್ನ ಬಾಣಂತನದ ಕೋಣೆ ಎದುರಿಗೆ ಬಂದು ನಿಂತಂತಾಗಿತ್ತು.

ನಮ್ಮ ಕೊಟ್ಟೂರಿನ ಕಡೆ ಲೋಬಾನವೆಂದರೆ ದೇವರಿಗೆ, ದೃಷ್ಟಿಗೆ, ನೀರೆರೆದ ಮೇಲೆ ಕೂಸಿಗೆ. ಇಲ್ಲಿಯವರು ಅದನ್ನು ಲುಬಾನ್ ಅನ್ನುತ್ತಾರೆ. ತೊಡುವ ಬಟ್ಟೆಗೆ ಅದರ ಹೊಗೆ ಹಿಡಿಯುತ್ತಾರೆ, ನೀರಿನಲ್ಲಿ ನೆನೆಸಿ ಕುಡಿಯುತ್ತಾರೆ ಕೂಡ. ಮೂಗು ಮುಚ್ಚಿಕೊಂಡು ಬದುಕಲಾಗದ ಊರು ಇದು.

ರೂವಿ ಎಂಬ ಬಡಾವಣೆಯಲ್ಲಿ ನಮಗೊಂದು ಕೋಣೆ. ಅಡುಗೆಮನೆ ಮಲಯಾಳಿ ಕುಟುಂಬದೊಂದಿಗೆ ಹಂಚಿಕೊಂಡದ್ದು. ಜೋಳದ ಹಿಟ್ಟು ಸಿಗುತ್ತಿತ್ತು, ಆದರೆ ಹಳೆಯದು. ರೊಟ್ಟಿ ಬಡಿದರೆ ಅಂಚು ಬಿರಿಯುತ್ತಿತ್ತು, ಬಡಿಯುವ ಸದ್ದಿಗೆ ಕೆಳಗಿನವರು ದೂರುತ್ತಿದ್ದರು. ಗಂಡ ಕೊಟ್ರೇಶ್ ಎ.ಸಿ. ರಿಪೇರಿಗೆ ಹೋದರೆ ಸಂಜೆಯವರೆಗೆ ಗೋಡೆ ನೋಡುತ್ತಾ ಕೂರುತ್ತಿದ್ದೆ. ಹರಪನಹಳ್ಳಿಯ ತವರಿನಲ್ಲಿ ನೆರೆಮನೆಯವರಿಂದ ಕಲಿತ ಉರ್ದು ಕೊನೆಗೂ ಕೈಹಿಡಿಯಿತು. ಉರ್ದು ಬಲ್ಲ ಜುವೈನಾ ಎಂಬ ಒಮಾನಿ ಹೆಂಗಸು ತನ್ನ ಸಣ್ಣ ಸುಗಂಧದ ಅಂಗಡಿಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸಲು ನನ್ನನ್ನು ಇಟ್ಟುಕೊಂಡಳು. ಅತ್ತರನ್ನು ತಾನೇ ಬೆರೆಸುತ್ತಿದ್ದಳು, ಒಂದೊಂದು ಬಗೆಯದೂ ಕೆಲವೇ ಸೀಸೆ.

ಒಂದು ಬೆಳಿಗ್ಗೆ ಲುಬಾನ್‌ನಿಂದ ಮಾಡಿದ ಹೊಸದೊಂದನ್ನು ನನ್ನ ಮಣಿಕಟ್ಟಿಗೆ ಹಚ್ಚಿ, ದಿನವಿಡೀ ಅದು ಹೇಗೆ ಬದಲಾಗುತ್ತದೆಂದು ಹೇಳುತ್ತಿರು ಅಂದಳು. ಮೊದಲು ನಿಂಬೆ ಸಿಪ್ಪೆ, ಮೆಣಸು. ಸೀನು ಬರುವಷ್ಟು ಚುರುಕು. ಹನ್ನೊಂದರ ಹೊತ್ತಿಗೆ ಕೆಂಡದ ಮೇಲೆ ಪುಡಿ ಉದುರಿಸಿದಂಥ ಹೊಗೆ. ಮಧ್ಯಾಹ್ನದ ಮೇಲೆ ಹೊಗೆ ಅಡಗಿ, ಚರ್ಮಕ್ಕಂಟಿಕೊಂಡ ಬೆಚ್ಚನೆಯ ಸಿಹಿ ಮಾತ್ರ ಉಳಿಯಿತು. ಹತ್ತಿರ ತಂದರಷ್ಟೇ ಸಿಗುತ್ತಿತ್ತು.

ಈಗ ಹೇಗಿದೆ ಎಂದು ಜುವೈನಾ ಕೇಳಿದಳು. ಕೂಸಿನ ನೆತ್ತಿಯ ಹಾಗೆ ಅಂದೆ. ನಿನಗೆ ಮಕ್ಕಳಿದ್ದಾರಾ ಅಂದಳು. ಇಲ್ಲ ಎಂದೇ ಎಲ್ಲರಿಗೂ ಹೇಳುತ್ತಿದ್ದವಳು ಅವತ್ತು ಒಬ್ಬ ಮಗಳಿದ್ದಳು ಅಂದೆ. ಜುವೈನಾ ಕೈಯಲ್ಲಿದ್ದ ಸೀಸೆ ಕೆಳಗಿಟ್ಟು ನನ್ನ ಪಕ್ಕ ಕೂತಳು.

ಮಗಳು ಹುಟ್ಟಿದಾಗ ಕೊಟ್ರೇಶ್ ಮಸ್ಕತ್ತಿನಲ್ಲಿದ್ದರು. ದಿನವೂ ಫೋನಿನಲ್ಲಿ ತೋರಿಸುತ್ತಿದ್ದೆವು. ಇಪ್ಪತ್ತಮೂರನೇ ದಿನ ಜ್ವರ ಬಂತು, ಎರಡೇ ದಿನ. ಅವರು ಬರುವಷ್ಟರಲ್ಲಿ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಆಗಿತ್ತು. ಆಮೇಲೆ ನನ್ನನ್ನೂ ಇಲ್ಲಿಗೆ ಕರೆತಂದರು. ನಾವಿಬ್ಬರೂ ಅವಳ ಮಾತು ಎತ್ತಿರಲೇ ಇಲ್ಲ.

ಅವತ್ತು ಸಂಜೆ ಅವರು ಬಾಗಿಲಲ್ಲಿರುವಾಗಲೇ ಕೈ ಚಾಚಿದೆ.

"ಇದ ನೋಡ್ರಿ. ಎರದು ಲೋಬಾನ ಹಾಕಿದ ಮ್ಯಾಲೆ ಕೂಸಿನ ನೆತ್ತಿ ಹಿಂಗ ವಾಸನಿ ಬರತಿತ್ತು."

ಅವರು ಹೆಗಲ ಚೀಲವನ್ನೂ ಇಳಿಸದೆ ಬಾಗಿ ಮೂಗು ಇಟ್ಟರು. ಬಹಳ ಹೊತ್ತು ಮುಖ ಎತ್ತಲಿಲ್ಲ. ನನ್ನ ಕೈ ತೊಯ್ದಿತು.

"ಫೋನಿನ್ಯಾಗ ಇದೊಂದು ಗೊತ್ತಾಗಲಿಲ್ಲ ನೋಡು," ಅಂದರು.

ಆ ಲುಬಾನ್ ಅತ್ತರಿನ ಮೊದಲ ಸೀಸೆಗಳಲ್ಲೇ ಒಂದನ್ನು ಜುವೈನಾ ನನಗೆ ಕೊಟ್ಟಳು. ಈ ಸಲ ರಜೆಗೆ ಹೊರಟಾಗ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆ. ಕೊಟ್ರೇಶ್ ಅದನ್ನು ತೆಗೆದು ಮತ್ತೆ ಕಪಾಟಿಗೆ ಇಟ್ಟರು. "ಅಲ್ಲಿ ಆಕಿ ಮಣ್ಣು ಐತಿ. ಇದು ಇಲ್ಲೇ ಇರಲಿ," ಅಂದರು.

ಊರಿನಲ್ಲಿ ಹದಿನೈದು ದಿನ ಇದ್ದೆವು. ದಿನಾ ಮಧ್ಯಾಹ್ನ ಇಬ್ಬರೂ ಬದುವಿಗೆ ಹೋಗಿ ಕೂರುತ್ತಿದ್ದೆವು. ಅಲ್ಲಿ ಬಿಸಿಲು, ಒಣ ಹುಲ್ಲು, ಎರೆಮಣ್ಣಿನ ವಾಸನೆ. ಮಗಳ ಪಕ್ಕದಲ್ಲೇ ಕೂತು ನಾನು ಆ ಸೀಸೆಯಿರುವ ರೂವಿಯ ಕೋಣೆಗೆ ಮರಳಲು ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ. ಇದನ್ನು ನನ್ನ ಬಾಣಂತನ ಮಾಡಿದ ಅವ್ವನಿಗೆ ಹೇಗೆ ಹೇಳಲಿ?