ಜಿರಾಫೆಯ ಗದ್ದಕ್ಕೆ ಬೆರಳಿಟ್ಟ ಹಮೀದಾಕ

ನನ್ನ ಮೊಮ್ಮಗಳು ಆದ್ಯಾ ತೆಗೆದ ಫೋಟೋಕ್ಕೆ ಶಾಲೆಯಲ್ಲಿ ಮೊದಲ ಬಹುಮಾನ ಬಂತು. ಲಿಫ್ಟಿನಲ್ಲಿ ಸಿಕ್ಕಿದ ಫಿಲಿಪಿನೋ ಹೆಂಗಸಿಗೂ ಹೇಳಿದೆ, ಕೆಳಗಿನ ಗ್ರೋಸರಿಯ ಮಲಯಾಳಿಗೂ ಹೇಳಿದೆ. ನನ್ನ ಕನ್ನಡ ಅವರಿಗೆ ಎಷ್ಟು ತಿಳಿಯಿತೋ, ಇಬ್ಬರೂ ನಕ್ಕರು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಹುಮಾನ ಎಂಬುದು ನಮ್ಮ ಮನೆಯ ಬಾಗಿಲು ದಾಟಿ ಬಂದದ್ದು ಇದೇ ಮೊದಲು. ಆದರೆ ಅದರಲ್ಲಿ ಅರ್ಧ ಪಾಲು ಹಮೀದಾಕನದ್ದು ಎಂದು ನನ್ನ ವಾದ.

ವಿಟ್ಲದ ಕಡೆಯ ಬ್ಯಾರಿ ಅವರು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ನಮ್ಮ ಕಟ್ಟಡದ ಕೆಳಗೇ ಅವರ ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟಿನ ಫೋಟೋ, ವೀಸಾದ ಫೋಟೋ, ಅಷ್ಟೇ. ಮದುವೆಯ ಫೋಟೋ ತೆಗೆಯಲು ಕರೆದರೂ ಹೋದವರಲ್ಲ. ಯಾರನ್ನು ಕಂಡರೂ ಅವರ ಕಣ್ಣು ಮೊದಲು ಹೋಗುವುದು ಕಿವಿಗೆ, ಎರಡೂ ಕಾಣುತ್ತವೆಯೋ ಎಂದು. ಮಾತಾಡುತ್ತಾ ಮಾತಾಡುತ್ತಾ ಒಂದು ಬೆರಳನ್ನು ಎದುರಿನವರ ಗದ್ದದ ಕೆಳಗಿಟ್ಟು ಮೆಲ್ಲಗೆ ಎತ್ತುವರು. ಒಮ್ಮೆ ಯಾರದೋ ಫೋಟೋ ಕಣ್ಣು ಮುಚ್ಚಿದೆಯೆಂದು ವೀಸಾ ಆಫೀಸಿನಿಂದ ತಿರುಗಿ ಬಂದಿತ್ತಂತೆ. ಆ ದಿನದಿಂದ ಸ್ವಲ್ಪ ಕೊರತೆ ಕಂಡರೂ ಅಲ್ಲೇ ಅಳಿಸಿ, "ರಿಜೆಕ್ಟ್" ಎನ್ನುವುದು ಅಭ್ಯಾಸವಾಯಿತು.

ನನ್ನ ವೀಸಾದ ಫೋಟೋಕ್ಕೆ ಹೋದಾಗ, "ಅಕ್ಕ, ನಗ್ಬೇಡಿ" ಎಂದರು.

"ಮೊಮ್ಮಗಳ ಹತ್ರ ಬಂದಿದ್ದೇನೆ, ನಗದೆ ಇರುದು ಹೇಗೆ?"

"ನಿಮ್ಮ ಅತ್ತೆಯನ್ನು ಒಂದು ಸಲ ನೆನಪು ಮಾಡ್ಕೊಳ್ಳಿ."

ಫೋಟೋ ಒಂದೇ ಸಲಕ್ಕೆ ಸರಿಯಾಯಿತು.

ಆದ್ಯಾಳ ಶಾಲೆಯಲ್ಲಿ ಮಕ್ಕಳು ತಾವೇ ತೆಗೆದ ಪ್ರಾಣಿಯ ಫೋಟೋ ತರಬೇಕಿತ್ತು. ಹಿಂದಿನ ವರ್ಷ ಅವಳದ್ದನ್ನು ಗೋಡೆಗೆ ಹಾಕಿರಲಿಲ್ಲ. ಆ ರಾತ್ರಿ ಮಗು ಊಟ ಮಾಡಲಿಲ್ಲ. ಈ ಸಲ ಭಾನುವಾರ ಬೆಳಿಗ್ಗೆಯೇ ಕೊಡಬೇಕು; ಅಲ್ಲಿ ಶಾಲೆಗೆ ರಜೆ ಶುಕ್ರವಾರ, ಶನಿವಾರ. ಮಗನಿಗೆ ಶನಿವಾರವೂ ಮುಸಫ್ಫಾದಲ್ಲಿ ಡ್ಯೂಟಿ. "ನಾನಿಲ್ವಾ?" ಎಂದು ಹಮೀದಾಕ ಸ್ಟುಡಿಯೋಕ್ಕೆ ಬೀಗ ಹಾಕಿ, ತಮ್ಮ ಹಳೆಯ ಕ್ಯಾಮೆರಾವನ್ನು ಅವಳ ಕುತ್ತಿಗೆಗೆ ಹಾಕಿ, ನಮ್ಮಿಬ್ಬರನ್ನೂ ಝೂಗೆ ಕರೆದುಕೊಂಡು ಹೋದರು.

ಅಲ್ಲಿ ಶುರುವಾಯಿತು. ಸಿಂಹ ಮಲಗಿತ್ತು. ಆದ್ಯಾ ಒತ್ತಿದಳು, ಇವರು ಇಣುಕಿ ನೋಡಿದರು. "ಕಣ್ಣು ಮುಚ್ಚಿದೆ. ರಿಜೆಕ್ಟ್." ಅಳಿಸಿದರು. ಮಂಗ ಹಲ್ಲು ಕಿರಿಯಿತು, ಅದೂ ಹೋಯಿತು. ಜೀಬ್ರಾ ಪಕ್ಕಕ್ಕೆ ತಿರುಗಿತ್ತು. "ಒಂದೇ ಕಿವಿ ಮಗಳೇ, ಆಗ್ಲಿಕ್ಕಿಲ್ಲ." ಗೂಬೆಯೊಂದು ಮಾತ್ರ ಶಿಸ್ತಾಗಿ ಎದುರು ನೋಡುತ್ತಾ ಕೂತಿತ್ತು. ನನಗೆ ಜೀವ ಬಂತು. ಹಮೀದಾಕ ಬಹಳ ಹೊತ್ತು ಯೋಚಿಸಿ, "ಇದರ ಕಿವಿ ಎಲ್ಲಿ ಉಂಟು ಅಕ್ಕ?" ಎಂದರು. ನನಗೇನು ಗೊತ್ತು? ಗೂಬೆಯೂ ಹೋಯಿತು.

ಬಿಸಿಲು ಇಳಿಯಿತು. ಗೇಟು ಮುಚ್ಚುವ ಹೊತ್ತಾಯಿತೆಂದು ಮೈಕಿನಲ್ಲಿ ಹೇಳಿದರು. ಕ್ಯಾಮೆರಾದಲ್ಲಿ ಒಂದೂ ಫೋಟೋ ಇಲ್ಲ. ಆದ್ಯಾಳ ಕೆಳತುಟಿ ನಡುಗಿತು. ಅದನ್ನು ನೋಡಿದ ಹಮೀದಾಕನ ಮುಖ ಬಾಡಿತು. "ಮಗುವಿನ ಕೆಲಸ ನಾನೇ ಕೆಡಿಸಿದೆ ಅಕ್ಕ."

ಜಿರಾಫೆಗೆ ಸೊಪ್ಪು ಕೊಡುವ ಮರದ ಅಟ್ಟ ಎದುರಿಗೇ ಇತ್ತು. ದಡದಡನೆ ಹತ್ತಿದರು. ಜಿರಾಫೆ ಉದ್ದ ಕುತ್ತಿಗೆ ಬಗ್ಗಿಸಿ ಹತ್ತಿರ ಬಂತು. ಇವರು ಗಿರಾಕಿಗೆ ಇಟ್ಟ ಹಾಗೆಯೇ ಅದರ ಗದ್ದಕ್ಕೆ ಬೆರಳಿಟ್ಟರು. "ಸ್ವಲ್ಪ ಎತ್ತು ಮಾರಾಯ. ಹಾಂ, ಕ್ಯಾಮೆರಾ ನೋಡು." ಅದು ಮೊಳದುದ್ದದ ಕಪ್ಪು ನಾಲಿಗೆ ಚಾಚಿ, ಹಮೀದಾಕನ ಗಡ್ಡದಿಂದ ಹಣೆಯವರೆಗೆ ಒಮ್ಮೆ ನೆಕ್ಕಿ, ಅವರ ತಲೆಯ ಟೋಪಿಯನ್ನು ಎತ್ತಿಕೊಂಡಿತು. ಆದ್ಯಾ ಒತ್ತಿದಳು.

ಹಮೀದಾಕ ಮುಖ ಒರೆಸಿಕೊಳ್ಳುತ್ತಾ ಇಳಿದು ಬಂದು, ನೋಡಿ, ಅಳಿಸಲು ಕೈ ಚಾಚಿದರು. ಅವಳು ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡಳು. "ನೋ ಹಮೀದಾಕ. ದಿಸ್ ಈಸ್ ಮೈನ್."

"ಮಗಳೇ, ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ವಾಪಸ್ ಕಳಿಸ್ತಾರೆ."

"ಜಿರಾಫೆಯದ್ದಾ?" ಎಂದೆ ನಾನು.

"ಅಲ್ಲ ಅಕ್ಕ, ನನ್ನದು. ಜಿರಾಫೆ ಸರಿ ಉಂಟು."

ಶಾಲೆಯವರು ಅದನ್ನು ಬಾಗಿಲ ಎದುರಿನ ಗೋಡೆಗೇ ಹಾಕಿದರು. ಬಹುಮಾನ ಗುರುವಾರ ಬಂತು. ಮರುದಿನ ಹಮೀದಾಕ ಊರಿಗೆ ಹೊರಡುವವರು, ಇನ್ನು ತಿರುಗಿ ಬರುವುದಿಲ್ಲ. ವೀಸಾ ಆಫೀಸಿನ ಕೌಂಟರಿನಲ್ಲೇ ಫೋಟೋ ತೆಗೆಯತೊಡಗಿದ ಮೇಲೆ ಅವರ ಸ್ಟುಡಿಯೋಕ್ಕೆ ಗಿರಾಕಿಯಿರಲಿಲ್ಲ.

ಆ ಗುರುವಾರ ಸಂಜೆಯೇ ಕೋರಿ ರೊಟ್ಟಿ, ಅಂದರೆ ಗರಿಗರಿ ಒಣ ರೊಟ್ಟಿಯೂ ಕೋಳಿ ಸಾರೂ ಮಾಡಿ ಅವರನ್ನು ಕರೆದೆ. ಮಗ, ಸೊಸೆ, ಆದ್ಯಾ, ಅವರು, ನಾನು, ಎಲ್ಲರೂ ಹಾಲ್‌ನಲ್ಲಿ ಚಾಪೆ ಹಾಸಿ ಕೂತೆವು. ಹಮೀದಾಕ ಫೋಟೋವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಇದರ ಒಂದು ಕಾಪಿ ಕೊಡು ಮಗಳೇ. ಇಷ್ಟು ವರ್ಷ ಅಲ್ಲಿ ಎಂತ ಮಾಡಿದ್ರಿ ಅಂತ ಹೆಂಡತಿ ಕೇಳ್ತಾಳೆ."

"ಜಿರಾಫೆಗೆ ವೀಸಾ ಮಾಡಿಸ್ತಿದ್ದೆ ಅಂತ ಹೇಳಿ" ಎಂದ ಮಗ.

ಮೊದಲು ನಕ್ಕವರು ಹಮೀದಾಕನೇ. ಬಾಯಲ್ಲಿ ತುತ್ತು ಇಟ್ಟುಕೊಂಡೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಇನ್ನೆರಡು ರೊಟ್ಟಿ ಮುರಿದು ಅವರ ತಟ್ಟೆಗೆ ಹಾಕಿ, ಮೇಲೆ ಸಾರು ಬಡಿಸಿದೆ. ಬೇಡ ಎನ್ನಲಿಲ್ಲ ಅವರು. ರೊಟ್ಟಿ ಮೆತ್ತಗಾಗುವವರೆಗೆ ಕಾದು, ನಿಧಾನವಾಗಿ ಉಂಡರು. ನಮ್ಮದೆಲ್ಲ ಮುಗಿದು ಕೈ ಒಣಗಿತ್ತು. ಆದರೂ ಯಾರೂ ಏಳಲಿಲ್ಲ.