ನನ್ನ ಎದೆಯೊಳಗಿನ ಮೂರು ಕವಾಟಗಳು

ಗಂಡ ತೀರಿದ ಮೇಲೆ ಬೈಲಹೊಂಗಲದಲ್ಲಿ ಖಾನಾವಳಿ ಹಾಕಿದೆ. ಮೂವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆ. ಬೀಡಿ ಮುಟ್ಟಿದವಳಲ್ಲ. ಆದರೂ ಎಂಫಿಸೀಮಾ ಎಂಬ ಶ್ವಾಸಕೋಶದ ರೋಗ ಎಂದು ಗೊತ್ತಾದಾಗ ಡಾಕ್ಟರರೆಲ್ಲ ಮೊದಲು ಕೇಳಿದ್ದು ಬೀಡಿಯ ಬಗ್ಗೆಯೇ. ಒಲೆಯ ಹೊಗೆ ಎಂದು ಹೇಳಿ ಹೇಳಿ ಸಾಕಾಯಿತು. ಹೇಳುವಷ್ಟು ಉಸಿರೂ ಇರಲಿಲ್ಲ.

ಬರಬರುತ್ತ ಸೀರೆ ಉಡುವುದಕ್ಕೂ ಏದುಸಿರು. ಮುರಗೋಡದಿಂದ ಬಂದ ಮೈದುನ, ಖಾನಾವಳಿ ಯಾರಿಗಾದರೂ ವಹಿಸಿ ಮಲಗಿಕೊಂಡಿರಬೇಕೆಂದು ತೀರ್ಪು ಕೊಟ್ಟ. ನಾನು ಬೆಳಗಾವಿಯ ಬಸ್ ಹತ್ತಿದೆ. ಅವನೂ ಹಿಂದೆಯೇ ಹತ್ತಿದ.

ಅಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿ ಬಿಡಿಸಿ ಹೇಳಿದರು. ಎಡ ಶ್ವಾಸಕೋಶದ ಮೇಲಿನ ಭಾಗ ಕೆಟ್ಟು ಉಬ್ಬಿದೆ, ಒಳಗಿನ ಹಳೇ ಗಾಳಿ ಹೊರಬೀಳದೆ ಒಳ್ಳೆಯ ಭಾಗವನ್ನು ಒತ್ತುತ್ತಿದೆ. ಕೊಯ್ಯದೆಯೇ, ಬಾಯಿಯಿಂದ ನಳಿಕೆ ಇಳಿಸಿ ಅಲ್ಲಿ ಪುಟ್ಟ ಕವಾಟ ಕೂರಿಸಬಹುದು. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಕೆಟ್ಟ ಭಾಗ ಕುಗ್ಗಿ ಒಳ್ಳೆಯದಕ್ಕೆ ಜಾಗವಾಗುತ್ತದೆ. ಎಲ್ಲರಿಗೂ ಹೊಂದುವುದಿಲ್ಲ, ನನಗೆ ಹೊಂದುತ್ತದೆ. ಆದರೆ ಶ್ವಾಸಕೋಶ ಹರಿದು ಜೀವಕ್ಕೇ ಕುತ್ತು ಬರಬಹುದು, ಇನ್ನು ಹೊಗೆಯ ಹತ್ತಿರ ಸುಳಿಯುವಂತಿಲ್ಲ ಎಂದೂ ಹೇಳಿದರು.

ಊರಿಗೆ ಬಂದವಳೇ ಒಲೆ ಒಡೆಸಿ ಗ್ಯಾಸ್ ಇಡಿಸಿದೆ. ರೊಟ್ಟಿಗೆ ಮೊದಲಿನ ರುಚಿಯಿಲ್ಲ ಎಂದ ಗಿರಾಕಿಗಳಿಗೆ, ಆ ರುಚಿ ನನ್ನ ಎದೆಯಲ್ಲಿ ಕೂತಿದೆ ಎಂದೆ.

ಬೆಳಗಾವಿಯ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಮುಂದಿಟ್ಟಾಗ ಮೈದುನ ಕೈ ಅಡ್ಡ ಹಿಡಿದ.

“ವೈನಿ, ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕ್ರಿ? ಏನರ ಆದ್ರ?”

“ಆದ್ರ ನನಗ ಆಗತೈತಿ. ಸಹಿ ನಾ ಮಾಡತೇನಿ. ಪೆನ್ನ ಕೊಡು.”

ಮೂರು ಕವಾಟ ಕೂರಿಸಿದರು. ಎರಡು ದಿನ ಹಗುರಾಗಿದ್ದೆ. ಮೂರನೆಯ ದಿನ ಎದೆಗೆ ಚೂರಿ ಇರಿದಂತಾಗಿ ಉಸಿರು ಕಟ್ಟಿತು. ಡಾಕ್ಟರಮ್ಮ ಹೆದರಿದ್ದೇ ಆಗಿತ್ತು. ಶ್ವಾಸಕೋಶ ಹರಿದು ಸುತ್ತ ಗಾಳಿ ತುಂಬಿತ್ತು. ಪಕ್ಕೆಲುಬುಗಳ ನಡುವೆ ಪೈಪು ಹಾಕಿದರು. ಮೈದುನ ಮಂಚದ ಬಳಿ ನಿಂತು, ತಾನು ಮೊದಲೇ ಹೇಳಿದ್ದೆ ಎಂದು ಶುರುಮಾಡಿದ. ಮಾತಾಡಲು ಆಗದ ನಾನು ಬಾಗಿಲು ತೋರಿಸಿದೆ. ಹೋದ.

ಒಂಬತ್ತು ದಿನ ಪೈಪಿನ ಜೊತೆ ಇದ್ದೆ. ನೋವಿಗೆ ಅತ್ತದ್ದೂ ಉಂಟು. ಆದರೆ ಸಹಿ ಮಾಡಿದ್ದಕ್ಕೆ ಒಮ್ಮೆಯೂ ಮರುಗಲಿಲ್ಲ. ಪೈಪು ತೆಗೆದ ಮರುದಿನವೇ ವರಾಂಡದಲ್ಲಿ ಗೋಡೆ ಹಿಡಿದು ಹೆಜ್ಜೆ ಎಣಿಸತೊಡಗಿದೆ.

ರೋಗ ಹೋಗಿಲ್ಲ, ಹೋಗುವುದೂ ಇಲ್ಲ. ಹೋದ ತಿಂಗಳು ಒಬ್ಬಳೇ ನೇಸರಗಿ ಸಂತೆಗೆ ಹೋಗಿ ಬದನೆಕಾಯಿ ಆರಿಸಿದೆ. ದಾರಿಯಲ್ಲಿ ಉಸಿರಿಗಾಗಿ ಎರಡು ಕಡೆ ನಿಂತೆ. ಯಾರೋ ಪುಣ್ಯಾತ್ಮರು ಆಟೋ ಕರೆಯಲೇ ಎಂದರು. ಬೇಡವೆಂದು, ಚೀಲ ಕೈ ಬದಲಿಸಿಕೊಂಡು ಬಸ್ ಸ್ಟ್ಯಾಂಡಿನ ತನಕ ನಡೆದೆ.