ಗಾಜಿನ ಮೇಲೆ ಹತ್ತಿ

ನಮ್ಮ ಎದುರು ಮನೆಯ ಹಾಸಿಗೆಯಕ್ಕನಿಗೆ ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಮೂರನೇ ಮಹಡಿಯಲ್ಲಿ ನಮ್ಮವು ಎರಡೇ ಮನೆ, ಅದರ ಮೇಲೆ ತಾರಸಿ. ಆ ತಾರಸಿಯೇ ಅವಳ ಕಾರ್ಖಾನೆ. ಗಂಟುಗಟ್ಟಿದ ಹಳೆಯ ಹಾಸಿಗೆಗಳನ್ನು ಬಿಚ್ಚಿ, ಹತ್ತಿಯನ್ನು ಕೋಲಿನಿಂದ ಬಡಿದು, ಬಿಸಿಲಿಗೆ ಹರವಿ, ಗರಿಗರಿಯಾದ ಮೇಲೆ ಮತ್ತೆ ತುಂಬಿ ಹೊಲಿದುಕೊಡುತ್ತಾಳೆ. "ಬಡಿಯೋದು ಯಾರು ಬೇಕಾದ್ರೂ ಬಡೀತಾರೆ, ಒಣಗಿಸೋದೇ ಕೆಲಸ" ಎನ್ನುತ್ತಾಳೆ. ಒಳಗೆ ಚೂರು ತೇವ ಉಳಿದರೂ ಹಾಸಿಗೆ ಮುಗ್ಗಲು ವಾಸನೆ ಹೊಡೆಯುತ್ತ ವಾಪಸು ಬರುತ್ತದೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಮೇಲೆ ಹತ್ತಿ ಬಡಿಯುವಾಗ ನಾನು ಕೆಳಗೆ ತಲೆ ಹಿಡಿದುಕೊಂಡು ಕೂತದ್ದುಂಟು, ಮೇಲೆ ಹತ್ತಿ ಹೋಗಿ ಜಗಳ ತೆಗೆದದ್ದೂ ಉಂಟು.

ಅವಳ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಇರುವವಳು ಅತ್ತೆ ಒಬ್ಬಳು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವಳು. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಬಚ್ಚಲಿಗೆ ಸಾಗಿಸುವಾಗ ಒಂದು ಕೈ ನನ್ನದು. ಮನೆಯಲ್ಲಿ ಗೀಸರ್ ಇಲ್ಲ. ನೀರು ಒಲೆಯ ಮೇಲೆ ಪಾತ್ರೆ ಪಾತ್ರೆಯಾಗಿ ಕಾಯಬೇಕು, ಎರಡನೆಯದು ಕಾಯುವಷ್ಟರಲ್ಲಿ ಮುದುಕಿ ಒದ್ದೆ ಮೈಯಲ್ಲಿ ಗಡಗಡ ನಡುಗುತ್ತಿರುತ್ತಿದ್ದಳು.

ಹೀಗಿರುವಾಗ ಕೆಳಮನೆಯವರು ಸೋಲಾರಿನ ಮಾತೆತ್ತಿದರು. ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕ ಹಾಕದೆ ಸೊಪ್ಪೂ ಕೊಳ್ಳದ ಆಸಾಮಿ. ಆರು ಮನೆಗೂ ಸೇರಿ ಒಂದೇ ಹೀಟರ್. ಹಾಕಿಸುವಾಗ ಕೈ ಸುಡುತ್ತದೆ, ಆದರೆ ಕರೆಂಟ್ ಬಿಲ್ಲು ಇಳಿದು ಕೆಲವೇ ವರ್ಷಗಳಲ್ಲಿ ಹಾಕಿದ ದುಡ್ಡು ಹುಟ್ಟುತ್ತದೆ, ಆಮೇಲಿನ ಬಿಸಿನೀರೆಲ್ಲ ಪುಕ್ಕಟೆ ಎಂದರು. ತಪ್ಪು ಹುಡುಕಲೆಂದೇ ನಾನು ಕೂತು ಕೇಳಿದೆ. ಸಿಗಲಿಲ್ಲ.

ಫಿಟ್ಟರ್ ಬಂದು ತಾರಸಿಯನ್ನೆಲ್ಲ ಸುತ್ತಿ, ದಿನವಿಡೀ ಬಿಸಿಲು ಬೀಳುವ ಮೂಲೆಗೆ ಬೆರಳು ತೋರಿಸಿದ. ಅದು ಹಾಸಿಗೆಯಕ್ಕ ಹತ್ತಿ ಹರವುವ ಜಾಗ. ಉಳಿದರ್ಧ ತಾರಸಿ ಮಧ್ಯಾಹ್ನವಾದರೆ ಪಕ್ಕದ ಕಟ್ಟಡದ ನೆರಳಿಗೆ ಬೀಳುತ್ತದೆ.

"ಮೆಟ್ಟಿಲ ಕೋಣೆ ಮೇಲೂ ಕೂರಿಸಬಹುದು, ಆದ್ರೆ ಕಬ್ಬಿಣ, ಪೈಪು ಅಂತ ಖರ್ಚು ಏರತ್ತೆ. ಮೂರು ಗಾಜಿನ ಪ್ಯಾನೆಲ್ಲಲ್ಲಿ ಎರಡೇ ಹಿಡಿಯೋದು" ಎಂದ.

"ಹಾಗಾದ್ರೆ ಅಲ್ಲಿ ಬೇಡ" ಎಂದೆವು ಎಲ್ಲರೂ. ಆಮೇಲೆ ಎಲ್ಲರೂ ಅವಳ ಮುಖ ನೋಡಿದೆವು.

ಅವಳು ಆ ಮೂಲೆಯನ್ನೇ ನೋಡುತ್ತ ನಿಂತಿದ್ದಳು. "ಹಾಕ್ಸಿ. ನಮ್ಮತ್ತೆ ನಡುಗೋದು ನಿಲ್ಲತ್ತಲ್ಲ" ಎಂದಳು.

ನಿಂತಿತು ಕೂಡ. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು. ಮುದುಕಿ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡು "ಇನ್ನೊಂದು ಚೊಂಬು, ಇನ್ನೊಂದೇ ಒಂದು" ಎನ್ನುವುದನ್ನು ನೋಡಿ ನನಗೂ ಹೊಟ್ಟೆ ತಣ್ಣಗಾಯಿತು. ಇತ್ತ ನೆರಳಿನ ಹತ್ತಿ ಒಣಗದೆ ಹಾಸಿಗೆಗಳು ಒಂದರ ಹಿಂದೊಂದು ವಾಪಸು ಬರತೊಡಗಿದವು. ಹಳೆಯ ಗಿರಾಕಿಗಳು ಸ್ಪಂಜಿನ ಹಾಸಿಗೆಯ ಅಂಗಡಿ ದಾರಿ ಹಿಡಿದರು.

ಅಷ್ಟರಲ್ಲಿ ಬಿಸಿನೀರು ಕೈಕೊಟ್ಟಿತು. ಮೇಲೆ ಕಣ್ಣು ಕುಕ್ಕುವ ಬಿಸಿಲು, ನಲ್ಲಿಯಲ್ಲಿ ತಣ್ಣೀರು. ಕೆಳಮನೆಯವರು ಹಲ್ಲು ಕಚ್ಚಿಕೊಂಡು ಕರೆಂಟಿನ ಬ್ಯಾಕಪ್ ಹಾಕಿದರು. ಬಿಲ್ಲು ಬಂದಾಗ ಉಳಿತಾಯವೆಲ್ಲ ನೀರುಪಾಲಾಗಿತ್ತು, ಹೆದರಿ ಅದನ್ನೂ ಆರಿಸಿದರು. ಒಲೆಯಲ್ಲಿ ಕಾಯಿಸಿದ ಒಂದು ಪಾತ್ರೆಗೆ ತಣ್ಣೀರು ಬೆರೆಸಿ ಹೊಯ್ಯುವಾಗ ಮುದುಕಿ ಮತ್ತೆ ನಡುಗತೊಡಗಿದಳು. ಕಂಪನಿಗೆ ಫೋನ್ ಮಾಡಿ ಎಲ್ಲರಿಗಿಂತ ಗಟ್ಟಿಯಾಗಿ ಬೈದವಳು ಹಾಸಿಗೆಯಕ್ಕನೇ. "ಮುದುಕಿ ಸಾಯ್ತಾಳೆ ಚಳಿಗೆ, ನಿಮಗೆ ಮನೆಮಠ ಇಲ್ವಾ?" ಎಂದು ಕೂಗಾಡಿದ್ದು ಇಡೀ ಕಟ್ಟಡಕ್ಕೇ ಕೇಳಿಸಿತ್ತು.

ಒಂದು ಮಧ್ಯಾಹ್ನ ಫಿಟ್ಟರ್ ಬಂದ. ಅಷ್ಟು ದಿನ ಮೇಲೆ ಹೋಗಿ ನೋಡದ ನಾವೂ ಅವನ ಹಿಂದೆ ಮೆಟ್ಟಿಲು ಹತ್ತಿದೆವು. ನೋಡಿದರೆ ಮೂರೂ ಪ್ಯಾನೆಲ್ಲಿನ ಮೇಲೆ ದಪ್ಪಗೆ ಹತ್ತಿ! ಗಾಳಿಗೆ ಹಾರದಿರಲಿ ಎಂದು ತೆಳುಬಟ್ಟೆ ಬಿಗಿದು ಕಟ್ಟಿ, ಪಕ್ಕದಲ್ಲಿ ಹಾಸಿಗೆಯಕ್ಕ ಕೋಲು ಹಿಡಿದು ನಿಂತಿದ್ದಳು.

"ಏನಮ್ಮಾ ಇದು?" ಫಿಟ್ಟರ್ ಬಟ್ಟೆಯ ತುದಿ ಎತ್ತಿ ಕೇಳಿದ.

"ಹತ್ತಿ. ಗಾಜು ಚೆನ್ನಾಗಿ ಕಾದಿರತ್ತೆ, ಬೇಗ ಒಣಗತ್ತೆ. ಯಾಕೆ? ನೀರಿನ ಡ್ರಮ್ ಮೇಲೆ ನಾನೇನೂ ಮುಚ್ಚಿಲ್ವಲ್ಲ!"

ಹಾಕಿದ ದಿನ ಇದೇ ಫಿಟ್ಟರ್ ಡ್ರಮ್ಮಿನ ಬೆನ್ನು ತಟ್ಟಿ "ಎಲ್ಲಾ ಇದರೊಳಗೇ ಇರೋದು" ಎಂದಿದ್ದ. ನೀರು ಕಾಯುವುದು ಡ್ರಮ್ಮಿನಲ್ಲೇ ಎಂದು ಅವಳು ನಂಬಿದ್ದಳು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ. ಕಾಯುವುದು ಗಾಜಿನ ಕೆಳಗಿನ ಕೊಳವೆಗಳಲ್ಲಿ, ಡ್ರಮ್ಮು ಬರೀ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅವನು ಬಿಡಿಸಿ ಹೇಳಿದಾಗ ಅವಳ ಕೈಯ ಕೋಲು ಕೆಳಗೆ ಬಿತ್ತು.

"ಅಂದ್ರೆ ಅತ್ತೆಗೆ ಇಷ್ಟು ದಿನ ತಣ್ಣೀರು ಹಾಕಿದ್ದು ನಾನೇನಾ?" ಎಂದಳು.

ಎರಡನೇ ಮಹಡಿಯ ಹೊಸ ಮದುಮಗ ಮಾತ್ರ ಅದಕ್ಕೂ ಕರಗಲಿಲ್ಲ. "ಇನ್ಮೇಲೆ ಮೇಲೆ ಹತ್ತಿ ತರಕೂಡದು ಅಂತ ಬರೆಸಿ ಹಾಕಿ" ಎಂದ.

"ತರಲ್ಲಪ್ಪಾ. ಎಲ್ಲಿ ಹರವ್ಲಿ ಹೇಳು, ಅಲ್ಲೇ ಹರವ್ತೀನಿ" ಎಂದಳು ಅವಳು. ವ್ಯಂಗ್ಯವೇನಲ್ಲ, ನಿಜಕ್ಕೂ ಕೇಳಿದಳು.

ನನಗೆ ಮೈ ಉರಿಯಿತು. "ನಿಮ್ಮ ಲೆಕ್ಕದಲ್ಲಿ ಕರೆಂಟಿದೆ, ಪೈಪಿದೆ, ಬಡ್ಡಿನೂ ಇದೆ. ಇವಳ ಹೊಟ್ಟೆಪಾಡು ಎಲ್ಲಿದೆ ಸ್ವಾಮೀ?" ಎಂದು ಕೆಳಮನೆಯವರ ಮೇಲೆ ಹರಿಹಾಯ್ದೆ. ಅವತ್ತು "ಬೇಡ" ಎಂದವರಲ್ಲಿ ನಾನೂ ಇದ್ದೆ. ಸಿಟ್ಟು ಬಂದಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಫಿಟ್ಟರ್ ಕಡೆ ತಿರುಗಿ, "ಆ ಮೆಟ್ಟಿಲ ಕೋಣೆ ಮೇಲೆ ಎರಡೇ ಅಂದ್ರಲ್ಲ, ನೀರು ಎಷ್ಟು ಬರಬಹುದು?" ಎಂದರು.

"ತಲೆಗೊಂದು ಬಕೆಟ್ಟಿಗೆ ಮೋಸ ಇಲ್ಲ. ಎರಡು ಕೇಳಬೇಡಿ."

ಗೊಣಗಾಟ ಕಡಿಮೆಯೇನೂ ಆಗಲಿಲ್ಲ. ನನ್ನ ಗಂಡನೂ ಗೊಣಗಿದರು, ಬಚ್ಚಲಿಗೆ ಹೋದರೆ ಹೊರಬರದ ಪ್ರಾಣಿ ಅದು. ಹಾಕಿದ ದುಡ್ಡು ಹುಟ್ಟಲು ಇನ್ನೂ ಕೆಲವು ವರ್ಷ ಹೆಚ್ಚು ಕಾಯಬೇಕು ಎಂದು ಕೆಳಮನೆಯವರು ಮನೆ ಮನೆಗೂ ಹೋಗಿ ಹೇಳಿ ಒಪ್ಪಿಸಿದರು. ಅಂತೂ ಪ್ಯಾನೆಲ್ಲುಗಳು ಮೇಲೇರಿದವು, ಹತ್ತಿ ತನ್ನ ಮೂಲೆಗೆ ಮರಳಿತು.

ಮರುದಿನ ಎಂದಿನಂತೆ ನಾನು ಕುರ್ಚಿ ಹಿಡಿದೆ. ಹಾಸಿಗೆಯಕ್ಕ ಮೊದಲ ಚೊಂಬು ಸುರಿದದ್ದೇ ತಡ, ಮುದುಕಿ ಬೆಚ್ಚಿ ಅವಳ ಮುಂಗೈ ಹಿಡಿದುಬಿಟ್ಟಳು. ಗಾಜಿನ ಮೇಲೆ ಹತ್ತಿ ಹರವಿದ್ದಕ್ಕೇ ನೀರು ತಣ್ಣಗಿತ್ತೆಂಬುದು ಆಕೆಯ ಕಿವಿಗೂ ಬಿದ್ದಿತ್ತು, ಪ್ಯಾನೆಲ್ಲು ಮೇಲೇರಿದ್ದು ಬಿದ್ದಿರಲಿಲ್ಲ.

"ನೀರು ಬಿಸಿ ಇದೆಯಲ್ಲೇ! ಇವತ್ತು ಹತ್ತಿ ಹಾಕಿಲ್ವಾ? ಹೊಟ್ಟೆಗೇನ್ ಮಾಡ್ತೀಯೇ?"

"ಹಾಕಿದೀನಿ ಅತ್ತೆ. ಅದೂ ಒಣಗ್ತಿದೆ."

"ಸುಳ್ಳು ಹೇಳ್ಬೇಡ. ನನಗೆ ತಣ್ಣೀರಾದ್ರೂ ನಡೆಯತ್ತೆ ಕಣೇ."

ಎಷ್ಟು ಹೇಳಿದರೂ ಮುದುಕಿ ಕೇಳಲೊಲ್ಲಳು. ಕೊನೆಗೆ ನಾನೇ ತಾರಸಿಗೆ ಹೋಗಿ, ಹತ್ತಿ ಮುಟ್ಟಿ ನೋಡಿ, ಒಂದು ಹಿಡಿ ತಂದು ಆಕೆಯ ಕೆನ್ನೆಗೆ ಒತ್ತಿದೆ. ಬೆಚ್ಚಗೆ, ಗರಿಗರಿಯಾಗಿತ್ತು. ಆಮೇಲೆಯೇ ಅವಳು ಸೊಸೆಯ ಕೈ ಬಿಟ್ಟಿದ್ದು.